ಕೋಟೆಯೂ ಕೆರೆಯೂ

ಚಿತ್ರದುರ್ಗದ ಕೋಟೆಯ ಬೆಟ್ಟಗಳ ಮಗ್ಗುಲಲ್ಲಿ ಚಂದ್ರವಳ್ಳಿಯ ಕೆರೆಯಿದೆ. ಕೆಲವು ಕಾಲದ ಹಿಂದೆ ಒಂದು ಸಂಜೆ ಅದರ ದಡದಲ್ಲಿ ನಾವು ಮೂವರು ಕುಳಿತಿದ್ದೆವು. ನನ್ನ ಸಂಗಡ ಇದ್ದವರಲ್ಲಿ ಒಬ್ಬರು ನೀರಾವರಿ ಇಲಾಖೆಯಲ್ಲಿ ಬಹುಕಾಲ ಕೆಲಸಮಾಡಿ ನಿವೃತ್ತರಾದ ಇಂಜಿನಿಯರು. ಇನ್ನೊಬ್ಬರು ಹೊಳಲ್ಕೆರೆಯ ಕಡೆಯ ಉಪಾಧ್ಯಾಯರು. ಮೇಲೆ ಕೋಟೆ, ಕೆಳಗೆ ನೀರು. ಮಾತು ಸಹಜವಾಗಿಯೇ ರಾಜರ ಕಡೆಗೆ ತಿರುಗಿತು.

"ಏನೇ ಹೇಳಿ, ಸ್ವಾಮಿ," ಎಂದರು ಇಂಜಿನಿಯರು, "ಗೆಲ್ಲುವವನೊಬ್ಬ ಬಾರದೆ ನಾಡು ಒಂದಾಗುವುದಿಲ್ಲ, ನಾಡು ಒಂದಾಗದೆ ದೊಡ್ಡ ಕೆಲಸವಾವುದೂ ನಡೆಯುವುದಿಲ್ಲ. ಪಾಳೆಯಗಾರರು ಒಬ್ಬರ ದನವನ್ನೊಬ್ಬರು ಹೊಡೆದುಕೊಂಡೇ ಇದ್ದಿದ್ದರೆ ಮಾರಿಕಣಿವೆಯ ಕಟ್ಟೆ ಎದ್ದೀತೆ? ಗೆದ್ದವರು ಕಠಿಣರಾಗಿದ್ದರೆಂದೇ ಇಟ್ಟುಕೊಳ್ಳೋಣ. ಹಿರಿಯೂರಿನ ತೋಟಗಳಿಗೆ ಈಗ ನೀರು ಹರಿಯುತ್ತಿದೆಯಷ್ಟೆ?"

ಉಪಾಧ್ಯಾಯರು ತುಸು ಹೊತ್ತು ಸುಮ್ಮನಿದ್ದು, "ಮನೆ ಕಳೆದುಕೊಂಡವರು ಒಬ್ಬರು, ನೀರು ಕುಡಿದವರು ಇನ್ನೊಬ್ಬರು. ಇದು ಯಾವ ಲೆಕ್ಕ?" ಎಂದರು.

ಕತ್ತಲಾಯಿತು, ಮಾತು ಅಲ್ಲಿಗೆ ನಿಂತಿತು. ಆದರೆ ಪ್ರಶ್ನೆ ನಿಲ್ಲಲಿಲ್ಲ. ಅದು ನಮ್ಮ ಜಿಲ್ಲೆಯ ಪ್ರಶ್ನೆ; ನಾವು ದಿನವೂ ನೋಡುವ ಕಲ್ಲುಗಳ ಪ್ರಶ್ನೆ. ಆದುದರಿಂದ ನನಗೆ ತೋರಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ದಂಡಯಾತ್ರೆಯ ಬಳಿಕ ಸಮಾಜಕ್ಕೆ ಒಳಿತಾಗುವುದುಂಟೆ ಎಂಬುದು ಮೊದಲನೆಯದು. ಆ ಒಳಿತು ದಂಡಯಾತ್ರೆಯನ್ನು ನ್ಯಾಯವೆನಿಸಬಲ್ಲುದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವನ್ನು ಚರಿತ್ರೆ ಹೇಳುತ್ತದೆ. ಎರಡನೆಯದಕ್ಕೆ ನಮ್ಮ ವಿವೇಕವೇ ಹೇಳಬೇಕು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಕೊಟ್ಟು ಮುಗಿಸಿಬಿಡುವುದು ಈ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು. ನಮ್ಮ ಆಡುಮಾತಿನಲ್ಲಿ ಇದಕ್ಕೆ ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ಹೆಸರು.

ನಮ್ಮ ನಾಲ್ಕು ಊರುಗಳನ್ನೇ ನೋಡೋಣ. ವಿಜಯನಗರದ ಅರಸರಿಂದ ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಯ ನಾಯಕತನವನ್ನೂ ಅನಂತರ ಹಿರಿಯೂರನ್ನೂ ಕೊನೆಗೆ ಚಿತ್ರದುರ್ಗವನ್ನೂ ಪಡೆದನೆಂದು ಹೇಳುತ್ತಾರೆ. ೧೫೬೫ರಲ್ಲಿ ವಿಜಯನಗರವು ಮುರಿದುಬಿದ್ದ ಮೇಲೆ ಅವನ ವಂಶದವರು ಸ್ವತಂತ್ರರಾದರು. ಹೊಸದುರ್ಗದ ಗಿರಿದುರ್ಗವನ್ನು ೧೬೭೫ರಲ್ಲಿ ಆ ವಂಶದ ಚಿಕ್ಕಣ್ಣನಾಯಕನು ಕಟ್ಟಿಸಿದುದು, ಸಿರಾದವರ ವಶದಲ್ಲಿದ್ದ ಬಾಗೂರಿನ ಮೇಲೆ ದಂಡು ನಡೆಸುವುದಕ್ಕೆ ಅನುಕೂಲವಾಗಲೆಂದು. ಹೀಗೆ ನಮ್ಮ ಊರುಗಳ ಚರಿತ್ರೆಯಲ್ಲಿ ಕತ್ತಿಯ ಗುರುತು ತಗಲದೆ ಇರುವುದು ಕಡಮೆ. ನಾವು ಗೆದ್ದವರ ಮೊಮ್ಮಕ್ಕಳೂ ಹೌದು, ಸೋತವರ ಮೊಮ್ಮಕ್ಕಳೂ ಹೌದು. ಎಷ್ಟೋ ಮನೆಗಳಲ್ಲಿ ಈ ಎರಡು ನೆತ್ತರೂ ಒಂದೇ ಮೈಯಲ್ಲಿ ಹರಿಯುತ್ತಿರಬಹುದು.

ಈ ಚರಿತ್ರೆಯಲ್ಲಿ ಅತ್ಯಂತ ಕಠಿನವಾದ ಪುಟ ೧೭೭೯ರದು. ೧೭೭೭ರಲ್ಲಿ ಒಮ್ಮೆ ದುರ್ಗವನ್ನು ಮುತ್ತಿ, ಮರಾಠರ ದಂಡು ಬರುತ್ತಿದೆಯೆಂದು ಹಿಂದಿರುಗಿದ್ದ ಹೈದರಾಲಿಯು ಮತ್ತೆ ಬಂದು ಕೋಟೆಯನ್ನು ಹಿಡಿದನು. ಒಳಗಿದ್ದ ಪಡೆಯವರಲ್ಲಿ ಕೆಲವರು ಅವನ ಕಡೆಗೆ ತಿರುಗಿದುದರಿಂದ ಅದು ಸಾಧ್ಯವಾಯಿತು. ಕಡೆಯ ಮದಕರಿನಾಯಕನು ಸಂಸಾರಸಮೇತನಾಗಿ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು, ದುರ್ಗಕ್ಕೆ ಮರಳಲಿಲ್ಲ. ಇಷ್ಟು ಅರಸರ ಕಥೆ. ಅರಸರ ಆಟದಲ್ಲಿ ಸೋಲು ಗೆಲವು ಇದ್ದದ್ದೇ ಎಂದು ಇದನ್ನು ಬಿಟ್ಟುಬಿಡಬಹುದು. ಆದರೆ ಕಥೆ ಇಲ್ಲಿಗೆ ನಿಲ್ಲಲಿಲ್ಲ. ಅರಸನು ಹೋದ ಮೇಲೂ ಬೇಡರು ತಲೆಬಾಗರೆಂದು ಕಂಡ ಹೈದರನು ಸುಮಾರು ೨೦,೦೦೦ ಜನರನ್ನು ಊರು ಬಿಡಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನು. ಅವರಲ್ಲಿದ್ದ ಹುಡುಗರನ್ನು ಬೇರ್ಪಡಿಸಿ, ಮತವನ್ನು ಬದಲಾಯಿಸಿ, ಕವಾಯಿತು ಕಲಿಸಿ, ಚೇಲಾ ಎಂಬ ಹೆಸರಿನ ಪಟಾಲಮುಗಳನ್ನು ಮಾಡಿದನು. ಇದನ್ನು ಬರೆದಿಟ್ಟವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಕಂಪೆನಿಯ ರೆಸಿಡೆಂಟನಾಗಿದ್ದವನು ಅವನು. ಹೈದರನ ಮಗನನ್ನು ಕೊಂದು ನಾಡನ್ನು ಗೆದ್ದವರ ಕಡೆಯವನು. ಹೈದರನ ಮುಖಕ್ಕೆ ಮಸಿ ಬಳಿಯಲು ಅವನಿಗೆ ಕಾರಣವಿತ್ತೆಂಬುದನ್ನು ನಾವು ಮರೆಯಬಾರದು. ಎಣಿಕೆಯಲ್ಲಿ ಹೆಚ್ಚುಕಡಮೆ ಇದ್ದರೂ ಇದ್ದೀತು. ಆದರೆ ಆ ಊರು ಬಿಡಿಸಿದ ಕಾರ್ಯವನ್ನು ಇಲ್ಲವೆನ್ನುವಂತಿಲ್ಲ.

ದಂಡಯಾತ್ರೆಯು ಸಮಾಜವನ್ನು ರೂಪಿಸುತ್ತದೆ ಎಂದು ಗ್ರಂಥಗಳಲ್ಲಿ ಓದುತ್ತೇವೆ. ಮಾತು ಗಂಭೀರವಾಗಿದೆ. ಅದರ ಅರ್ಥವೇನೆಂದು ತಿಳಿಯಬೇಕಾದರೆ ಆ ಹುಡುಗರನ್ನು ನೆನೆಯಬೇಕು. ಕುಂಬಾರನು ಮಣ್ಣನ್ನು ರೂಪಿಸುವಂತೆ ಅಲ್ಲಿ ಮಕ್ಕಳನ್ನು ರೂಪಿಸಿದರು. ತಾಯಿ ಕರೆಯುತ್ತಿದ್ದ ಹೆಸರು ಹೋಯಿತು, ಮನೆದೇವರು ಹೋಯಿತು, ತಂದೆಯನ್ನು ಸೋಲಿಸಿದ ದೊರೆಗಾಗಿಯೇ ಪ್ರಾಣಕೊಡುವುದು ಬಾಳಿನ ಕೆಲಸವಾಯಿತು. ಅವರಲ್ಲಿ ಹಲವರು ಒಳ್ಳೆಯ ಸಿಪಾಯಿಗಳಾಗಿ ತೃಪ್ತರಾಗಿಯೇ ಬಾಳಿರಬಹುದು. ಅದರಿಂದ ಅನ್ಯಾಯವು ಕಡಮೆಯಾಗುವುದಿಲ್ಲ. ನನಗೆ ತೋರುವಂತೆ ಹೆಚ್ಚಾಗುತ್ತದೆ. ನೆಲವನ್ನು ಕಿತ್ತುಕೊಂಡವನಿಂದ ನೆಲವನ್ನು ಮರಳಿ ಕೇಳಬಹುದು. ಕೇಳುವ ಮನಸ್ಸನ್ನೇ ಕಿತ್ತುಕೊಂಡ ಮೇಲೆ ಕೇಳುವವರಾರು?

ಹಾಗಾದರೆ ನಾಯಕರು ನಿರ್ದೋಷಿಗಳೆ? ದುರ್ಗದವರಾದ ನಮಗೆ ಹೌದೆನ್ನಲು ಆಶೆಯಾಗುತ್ತದೆ. ಆದರೆ ಸತ್ಯವು ಆಶೆಗೆ ಅಡ್ಡಬರುತ್ತದೆ. ಹೊಸದುರ್ಗದ ಕಥೆಯನ್ನು ಆಗಲೇ ಹೇಳಿದೆ. ೧೭೪೮ರಲ್ಲಿ ಮಾಯಕೊಂಡದ ಬಯಲಿನಲ್ಲಿ ದುರ್ಗದ ನಾಯಕನೊಬ್ಬನು ನೆರೆಯ ಸಂಸ್ಥಾನಗಳೊಡನೆ ಹೋರಾಡುತ್ತ ಮಡಿದನು. ೧೭೬೩ರಲ್ಲಿ ಹೈದರನು ಬಿದನೂರಿನ ಮೇಲೆ ನಡೆದಾಗ ದಾರಿ ತೆರೆದವರಲ್ಲಿ ದುರ್ಗದ ನಾಯಕನೂ ಒಬ್ಬನು: ಬಿದನೂರಿನ ಗಾದಿಗೆ ತಾನೇ ಹಕ್ಕುದಾರನೆಂದು ಹೇಳಿಕೊಳ್ಳುತ್ತಿದ್ದವನನ್ನು ಹೈದರನ ಬಳಿಗೆ ಕರೆತಂದುದು ದುರ್ಗದಲ್ಲಿಯೇ. ಅದನ್ನು ನೆಪಮಾಡಿಕೊಂಡು ಹೋದ ದಂಡು ಮಲೆನಾಡಿನ ಆ ಸಿರಿವಂತ ನಗರವನ್ನು ಸೂರೆಮಾಡಿತು. ಹದಿನಾರು ವರ್ಷಗಳ ಬಳಿಕ ಅದೇ ದಂಡು ದುರ್ಗದ ಬಾಗಿಲನ್ನು ಮುರಿಯಿತು. ನೆರೆಮನೆಯ ಅಗಳಿಯನ್ನು ತೆಗೆದುಕೊಟ್ಟವನಿಗೆ ತನ್ನ ಮನೆಯ ಅಗಳಿ ಎಷ್ಟು ದಿನ ಕಾವಲು?

ಇದನ್ನು ಹೇಳಿದ ಕೂಡಲೆ ಇಬ್ಬರು ಎದ್ದು ನಿಲ್ಲುತ್ತಾರೆ. ಒಬ್ಬನು, "ನಮ್ಮವರನ್ನು ಹೀಗಳೆಯುತ್ತೀರಿ, ನೊಂದವರಲ್ಲಿ ತಪ್ಪು ಹುಡುಕುವುದು ಧರ್ಮವಲ್ಲ" ಎನ್ನುತ್ತಾನೆ. ಇನ್ನೊಬ್ಬನು, "ಕಂಡಿರಾ? ಎಲ್ಲರೂ ಮಾಡಿದರು, ಆದುದರಿಂದ ಯಾರದೂ ತಪ್ಪಲ್ಲ, ಆಗಿನ ಕಾಲಧರ್ಮವೇ ಹಾಗೆ" ಎನ್ನುತ್ತಾನೆ. ಇಬ್ಬರದೂ ಒಂದೇ ದೋಷ. ತಪ್ಪು ಎಂದು ಹೇಳಬೇಕಾದರೆ ಎದುರು ಪಕ್ಷದಲ್ಲಿ ಪಾಪವಿಲ್ಲದವನೊಬ್ಬನು ಇರಬೇಕೆಂದು ಇಬ್ಬರೂ ನಂಬಿದ್ದಾರೆ. ಹಾಗಿಲ್ಲ. ಸಾಲ ತೀರಿಸದವನ ಮನೆಯನ್ನು ಸುಟ್ಟರೂ ಅದು ಸುಟ್ಟದ್ದೇ. ಮದಕರಿಯು ಬಿದನೂರಿಗೆ ಮಾಡಿದುದಕ್ಕಾಗಿ ಬೇಡರ ಮಗುವೊಂದು ತನ್ನ ಹೆಸರನ್ನು ಕಳೆದುಕೊಳ್ಳಬೇಕಾಗಿರಲಿಲ್ಲ. ಅರಸನು ಮಾಡಿದ ತಪ್ಪಿನ ದಂಡವನ್ನು ಅರಸನಲ್ಲದವರು ತೆರುವುದೇ ದಂಡಯಾತ್ರೆಯ ಮೂಲದೋಷ. ಯಾವ ಅರಸನು ಯಾವ ಮತದವನು, ಯಾವ ಭಾಷೆಯವನು ಎಂಬುದರಿಂದ ಅದು ಬದಲಾಗುವುದಿಲ್ಲ. ಕಾಲಧರ್ಮವೆಂಬ ಮಾತೂ ಅರ್ಧ ಮಾತ್ರ ನಿಜ. ಆ ಕಾಲದಲ್ಲಿಯೂ ಊರು ಬಿಡಿಸಿಕೊಂಡವರು ಅತ್ತರು; ಅವರ ಕಣ್ಣೀರೂ ಆ ಕಾಲದ್ದೇ.

ಇನ್ನು ಇಂಜಿನಿಯರ ವಾದಕ್ಕೆ ಬರೋಣ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಟೀಪುವು ಮಡಿದ ೧೭೯೯ರಿಂದ ನಮ್ಮ ನಾಡು ಆಂಗ್ಲರ ನೆರಳಿಗೆ ಬಂತು. ಪಾಳೆಯಪಟ್ಟುಗಳ ಕಲಹ ನಿಂತಿತು. ರಸ್ತೆ, ಅಂಚೆ, ಅಳತೆ, ಶಾಲೆಗಳು ಬಂದವು. ಸುಳ್ಳಲ್ಲ. ಆದರೆ ಅದೇ ವರ್ಷದ ಒಡಂಬಡಿಕೆಯನ್ನೂ ಓದಬೇಕು. ಐದು ವರ್ಷದ ಬಾಲಕನನ್ನು ಗಾದಿಯ ಮೇಲೆ ಕುಳ್ಳಿರಿಸಿ, ವರ್ಷಕ್ಕೆ ೭ ಲಕ್ಷ ವರಹಗಳ ಪೊಗದಿಯನ್ನು ಮೈಸೂರಿನ ಮೇಲೆ ಹೊರಿಸಿದರು. ಹಣವನ್ನು ಕೂಡಿಸಬೇಕಾದ ಆಡಳಿತದಲ್ಲಿ ಕಂದಾಯದ ಹಿಂಸೆ ಹೆಚ್ಚಿ, ೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ೧೮೩೧ರಲ್ಲಿ ಆಂಗ್ಲರು ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ೧೮೮೧ರಲ್ಲಿ ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ ಪೊಗದಿಯನ್ನು ೩೫ ಲಕ್ಷ ರೂಪಾಯಿಗಳಿಗೆ ಏರಿಸಿದರು. ಏರಿಸಿದ ಮೊತ್ತವನ್ನು ೧೮೯೬ರಿಂದ ವಸೂಲುಮಾಡಿದರು. ಕೊಟ್ಟದ್ದನ್ನು ಹೇಳುವವರು ಕೊಂಡದ್ದನ್ನೂ ಹೇಳಬೇಡವೆ?

ಮಾರಿಕಣಿವೆಯ ಮಾತು ಇನ್ನೂ ಸ್ಪಷ್ಟವಾದುದು. ವೇದಾವತಿಗೆ ಅಡ್ಡಲಾಗಿ ಆ ಕಟ್ಟೆಯ ಕೆಲಸ ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿಯಿತು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ತೊಡಗಿದ ಕೆಲಸವಾದುದರಿಂದ ಅದಕ್ಕೆ ವಾಣೀವಿಲಾಸಸಾಗರವೆಂದು ಹೆಸರಾಯಿತು. ೧೯೩೩ರಲ್ಲಿ ಕೋಡಿ ಹರಿದ ಮೇಲೆ ಎಂಬತ್ತೊಂಬತ್ತು ವರ್ಷ ತಡೆದು ೨೦೨೨ರಲ್ಲಿ ಮತ್ತೆ ಕೋಡಿ ಹರಿದಾಗ, ಹಿರಿಯೂರು ಸೀಮೆಯವರು ತಂಡತಂಡವಾಗಿ ಹೋಗಿ ನೋಡಿ ಸಂತೋಷಪಟ್ಟುದನ್ನು ನಾವೆಲ್ಲ ಬಲ್ಲೆವು. ಇದು ಯಾರು ಕೊಟ್ಟ ವರ? ಪೊಗದಿ ತೆತ್ತು ಉಳಿದ ಬೊಕ್ಕಸದಿಂದ ಮೈಸೂರು ಸರ್ಕಾರ ಕಟ್ಟಿಸಿತು. ಬೊಕ್ಕಸವನ್ನು ತುಂಬಿಸಿದವರು ರೈತರು. ಕಲ್ಲು ಹೊತ್ತವರು ಕೂಲಿಯವರು. ಗೆದ್ದವನು ಇದಕ್ಕೆ ಮಾಡಿದ ದೊಡ್ಡ ಉಪಕಾರವೆಂದರೆ ಆ ವೇಳೆಗೆ ಯುದ್ಧ ಮಾಡದೆ ಇದ್ದುದು.

ದೊಡ್ಡ ರಾಜ್ಯವಿಲ್ಲದೆ ಕೆರೆಯಾಗದೆಂಬುದೂ ಪೂರ್ತಿಯಾಗಿ ಸರಿಯಲ್ಲ. ಭರಮಸಾಗರದ ಕೆರೆಗೆ ಹೆಸರು ಕೊಟ್ಟ ಭರಮಣ್ಣನಾಯಕನು ಪಾಳೆಯಗಾರನೇ. ಇನ್ನೂ ಹಿಂದಕ್ಕೆ ಹೋದರೆ, ನಾವು ಕುಳಿತಿದ್ದ ಚಂದ್ರವಳ್ಳಿಯಲ್ಲಿಯೇ ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಶಾಸನವಿದೆ. ಅದನ್ನು ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರ ಪಾಠದ ಪ್ರಕಾರ, ತ್ರೈಕೂಟ, ಆಭೀರ, ಪಲ್ಲವ ಮೊದಲಾದವರನ್ನು ಗೆದ್ದ ಮಯೂರಶರ್ಮನು ಈ ಕೆರೆಯನ್ನು ನಿರ್ಮಿಸಿದನು. ಎಂತಹ ವಾಕ್ಯ! ಗೆದ್ದುದು ಅಲ್ಲಿ ಬರಿಯ ವಿಶೇಷಣ. ಕೆರೆ ಕಟ್ಟಿದುದೇ ಕ್ರಿಯೆ. ಆ ಜಯಗಳೆಲ್ಲ ಈಗ ಎಲ್ಲಿವೆ? ಹೆಸರುಗಳ ಓದಿನ ವಿಚಾರದಲ್ಲಿ ಪಂಡಿತರು ಚರ್ಚೆ ಮಾಡುವುದಕ್ಕೆ ಮಾತ್ರ ಉಳಿದಿವೆ. ಕೆರೆಗೆ ಮಾತ್ರ ವ್ಯಾಖ್ಯಾನ ಬೇಕಾಗಿಲ್ಲ.

ಹೀಗೆ ನೋಡಿದರೆ ಗೆಲ್ಲುವುದೂ ಆಳುವುದೂ ಬೇರೆಬೇರೆ ಕರ್ಮಗಳೆಂದು ತಿಳಿಯುತ್ತದೆ. ಒಬ್ಬನೇ ಮನುಷ್ಯನು ಎರಡನ್ನೂ ಮಾಡಿದನೆಂದು ಎರಡೂ ಒಂದಾಗಲಾರವು. ಚೆನ್ನಾಗಿ ಆಳಿದವನಿಗೆ ಆಳಿದುದರ ಪುಣ್ಯ ಸಲ್ಲಲಿ. ಅದನ್ನು ತಂದು ಗೆದ್ದುದರ ಬಾಬಿಗೆ ಜಮಾ ಮಾಡಕೂಡದು. ಗೋವನ್ನು ಕೊಂದು ಪಾದರಕ್ಷೆಯನ್ನು ದಾನಮಾಡಿದ ಹಾಗೆ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಪಾದರಕ್ಷೆ ಕೆಟ್ಟದ್ದೆಂದು ಅದರ ಅರ್ಥವಲ್ಲ; ತೊಟ್ಟವನ ಕಾಲಿಗೆ ಮುಳ್ಳು ಚುಚ್ಚುವುದು ತಪ್ಪುವುದು ನಿಜವೇ. ಆದರೆ ಕೊಂದ ಹಸುವಿನ ಋಣವು ತೊಟ್ಟವನ ಕೃತಜ್ಞತೆಯಿಂದ ತೀರುವುದಿಲ್ಲ. ಋಣವನ್ನು ಯಾರಿಗೆ ತೀರಿಸಬೇಕೋ ಅವರಿಗೆ ತೀರಿಸಬೇಕು. ಉಪಾಧ್ಯಾಯರು ಕೇಳಿದ ಲೆಕ್ಕದ ಪ್ರಶ್ನೆಗೆ ಇದೇ ಉತ್ತರವೆಂದು ನನಗೆ ತೋರುತ್ತದೆ.

ಋಣವನ್ನು ಅರಿತ ಚಕ್ರವರ್ತಿಯು ಒಬ್ಬನೂ ಇರಲಿಲ್ಲವೆ? ಇದ್ದನು, ಅವನ ಬರವಣಿಗೆಯೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ನಿರೂಪದಲ್ಲಿ ತಾಯಿತಂದೆಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಉಪದೇಶವಿದೆ. ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಉಳಿದಿದೆ. ಅದೇ ಅರಸನು ಬೇರೆ ಕಡೆಗಳಲ್ಲಿ ಕೊರೆಯಿಸಿದ ಹದಿಮೂರನೆಯ ಶಾಸನದಲ್ಲಿ ಕಳಿಂಗವನ್ನು ಗೆದ್ದುದಕ್ಕಾಗಿ ಪಶ್ಚಾತ್ತಾಪಪಡುತ್ತಾನೆ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಸಾಗಿಸಿದರು ಎಂದು ಅವನೇ ಎಣಿಕೆ ಹೇಳುತ್ತಾನೆ. ದುರ್ಗದ ಇಪ್ಪತ್ತು ಸಾವಿರವನ್ನು ನೆನೆದವರಿಗೆ ಈ ಎಣಿಕೆಯ ಭಾರ ತಿಳಿಯದಿರದು. ಗೆದ್ದವನೇ ತನ್ನ ಗೆಲವನ್ನು ತಪ್ಪೆಂದು ಕಲ್ಲಿನಲ್ಲಿ ಬರೆಯಿಸಿದ ಉದಾಹರಣೆ ಜಗತ್ತಿನ ಚರಿತ್ರೆಯಲ್ಲಿ ತೀರ ಅಪರೂಪ. ಅದಕ್ಕಾಗಿ ಅವನಿಗೆ ನಮಸ್ಕಾರ ಸಲ್ಲಬೇಕು.

ಆದರೆ ಒಂದು ಸಂಗತಿಯನ್ನು ಮರೆಮಾಡಬಾರದು. ಕಳಿಂಗದೇಶದ ಧೌಲಿ ಮತ್ತು ಜೌಗಡಗಳಲ್ಲಿಯೂ ಅಶೋಕನ ಶಾಸನಗಳಿವೆ. ಅಲ್ಲಿ ಹದಿಮೂರನೆಯ ಶಾಸನ ಇಲ್ಲ. ಅದರ ಬದಲು, ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಅಧಿಕಾರಿಗಳಿಗೆ ಬುದ್ಧಿಹೇಳುವ ಬೇರೆ ಶಾಸನಗಳಿವೆ. ಪಶ್ಚಾತ್ತಾಪವನ್ನು ಊರೂರಿಗೆ ಹೇಳಿಕೊಂಡವನು ನೊಂದವರ ಊರಿನಲ್ಲಿ ಅದನ್ನು ಹೇಳಲಿಲ್ಲ. ಕಳಿಂಗವನ್ನು ಹಿಂದಕ್ಕೂ ಕೊಡಲಿಲ್ಲ. ರಾಜಕಾರಣಕ್ಕೆ ಅದು ವಿವೇಕವಾಗಿ ಕಂಡಿರಬಹುದು. ಆದರೂ ಅಷ್ಟು ದೊಡ್ಡ ಮನಸ್ಸಿಗೂ ಕೊನೆಯ ಮೆಟ್ಟಿಲು ಹತ್ತಲಾಗಲಿಲ್ಲವೆಂದರೆ, ಗೆದ್ದ ಕೈಗಳು ಹಿಡಿದುದನ್ನು ಬಿಡುವುದು ಎಷ್ಟು ಕಷ್ಟವೆಂಬುದನ್ನು ನಾವು ಊಹಿಸಬಹುದು. ದಯೆಯಿಂದ ಆಳುವುದು ಸುಲಭ. ನಿಮಗೆ ಅನ್ಯಾಯಮಾಡಿದೆನೆಂದು ಅನ್ಯಾಯಹೊಂದಿದವರ ಮುಖ ನೋಡಿ ಹೇಳುವುದು ಕಠಿನ.

ಇದಕ್ಕೆ ಪ್ರತಿಯಾಗಿ ನಮ್ಮ ಹಳ್ಳಿಗಳ ವಿವೇಕವನ್ನು ನೋಡಬೇಕು. ನಮ್ಮ ಸೀಮೆಯಲ್ಲಿ ಊರ ಮುಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳಿವೆ. ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಮಡಿದವರ, ಊರನ್ನು ಕಾಯುತ್ತ ಬಿದ್ದವರ ನೆನಪಿಗಾಗಿ ನಿಲ್ಲಿಸಿದವು ಅವುಗಳಲ್ಲಿ ಬಹಳ. ದುರ್ಗದ ಜನರ ಬಾಯಲ್ಲಿ ಉಳಿದ ಒನಕೆ ಓಬವ್ವನ ಕಥೆಯೂ ಅದೇ ಬಗೆಯದು. ಗಂಡನಾದ ಕಾವಲುಗಾರನಿಗೆ ಉಣ್ಣಲಿಕ್ಕಿ ನೀರಿಗೆಂದು ಹೋದ ಹೆಂಗಸು, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಕಂಡು ಮನೆಯ ಒನಕೆಯನ್ನು ಎತ್ತಿಕೊಂಡಳು. ಅವಳು ಯಾವ ಸೀಮೆಯನ್ನೂ ಗೆಲ್ಲಹೊರಡಲಿಲ್ಲ. ದಂಡಯಾತ್ರೆಯೇ ಊಟದ ಹೊತ್ತಿಗೆ ಅವಳ ಮನೆಯ ಬಳಿಗೆ ಬಂತು. ಅರಸರ ಪ್ರಶಸ್ತಿಗಳು ಎಷ್ಟು ದೇಶಗಳನ್ನು ಗೆದ್ದನೆಂದು ಎಣಿಸಿದರೆ, ಜನರು ತಮ್ಮ ಪೂಜೆಗೆ ಆರಿಸಿಕೊಂಡುದು ಕಾಯ್ದವರನ್ನು. ಪಂಡಿತರು ವಾದಿಸುವ ಭೇದವನ್ನು ಒಕ್ಕಲಿನವರು ಎಂದೋ ಅರಿತಿದ್ದರು.

ಹಾಗಾದರೆ ಈಗ ನಮ್ಮ ಕರ್ತವ್ಯವೇನು? ಸತ್ತವರಿಗೆ ಶಿಕ್ಷೆ ವಿಧಿಸುವುದಲ್ಲ. ಅವರ ಮತದವರೆಂದೋ ಕುಲದವರೆಂದೋ ಇಂದಿನವರ ಮೇಲೆ ಹಗೆ ಸಾಧಿಸುವುದಂತೂ ಅಲ್ಲವೇ ಅಲ್ಲ. ೧೭೭೯ರ ಕಥೆಯನ್ನು ಹಾಗೆ ಹೇಳುವವರು ಉಂಟು. ಅವರು ಆ ದಂಡಯಾತ್ರೆಯನ್ನು ಖಂಡಿಸುತ್ತಿಲ್ಲ, ಅದನ್ನು ಮುಂದುವರಿಸುತ್ತಿದ್ದಾರೆ. ಅರಸನ ತಪ್ಪಿಗೆ ಅರಸನಲ್ಲದವರಿಂದ ದಂಡ ಕೇಳುವುದೇ ಅಲ್ಲವೆ ಅದರ ಮೂಲದೋಷ? ಪಾಪವು ರಕ್ತದಲ್ಲಿ ಇಳಿದುಬರುವುದಿಲ್ಲ. ಆದರೆ ಲಾಭ ಇಳಿದುಬರುತ್ತದೆ. ಕಟ್ಟೆಯ ನೀರು, ಕೋಟೆಯ ಕೀರ್ತಿ, ರಸ್ತೆಯ ಸೌಕರ್ಯ ಇವೆಲ್ಲ ನಮಗೆ ಬಂದಿರುವಾಗ, ಇವುಗಳ ಬೆಲೆಯನ್ನು ತೆತ್ತವರ ನೆನಪೂ ನಮಗೆ ಬಂದಿರಬೇಕು. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಓಬವ್ವನ ಕಿಂಡಿಯನ್ನು ತೋರಿಸುತ್ತೇವೆ, ಸರಿಯೇ. ಆ ಕಲ್ಲುಗಳ ನಡುವೆ ಇಪ್ಪತ್ತು ಸಾವಿರ ಜನ ಗಂಟುಕಟ್ಟಿಕೊಂಡು ಇಳಿದು ಹೋದರೆಂಬುದನ್ನೂ ಹೇಳಬೇಕು. ಬಿದನೂರಿನ ಮಾತನ್ನೂ ಮುಚ್ಚದೆ ಹೇಳಬೇಕು. ಅಭಿಮಾನಕ್ಕೆ ಸ್ವಲ್ಪ ನೋವಾದರೆ ಆಗಲಿ. ಸತ್ಯವನ್ನು ಸಹಿಸಲಾರದ ಅಭಿಮಾನವು ಇನ್ನೊಂದು ದಂಡಯಾತ್ರೆಗೆ ಬೀಜ.

ಎರಡನೆಯ ಕರ್ತವ್ಯವು ಇನ್ನೂ ಹತ್ತಿರದ್ದು. ಬೇರೆಯವರ ಒಳಿತಿಗಾಗಿ ಅವರನ್ನು ಕೇಳದೆ ಅವರ ಬಾಳನ್ನು ರೂಪಿಸುವೆವೆಂಬ ಮಾತು ಚಕ್ರವರ್ತಿಗಳೊಡನೆ ಸತ್ತಿಲ್ಲ. ಅದು ಕಛೇರಿಗಳಲ್ಲಿ ಕೇಳುತ್ತದೆ. ಶಾಲೆಗಳಲ್ಲಿ, ಮನೆಗಳಲ್ಲಿ ಸಹ ಕೇಳುತ್ತದೆ. ಯಾರಾದರೂ, "ಮುಂದೆ ಇದರಿಂದ ಎಲ್ಲರಿಗೂ ಒಳ್ಳೆಯದಾಗುವುದು, ಈಗ ಕೆಲವರು ಏಳಬೇಕು" ಎಂದಾಗ, ಏಳಬೇಕಾದವರು ಯಾರು, ಅವರನ್ನು ಕೇಳಿದ್ದೀರಾ, ಅವರಿಗೇ ಏನು ಕೊಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮಗೆ ಬೇಕು. ಅಷ್ಟಾದರೆ ದುರ್ಗದ ಚರಿತ್ರೆಯನ್ನು ಓದಿದುದು ಸಾರ್ಥಕ.

ಮೊನ್ನೆ ಆ ಇಬ್ಬರು ಮಿತ್ರರೂ ಮತ್ತೆ ಸಿಕ್ಕಿದ್ದರು. ಇದನ್ನೆಲ್ಲ ಹೇಳಿದೆ. ಇಂಜಿನಿಯರು ಒಪ್ಪಿದರೆಂದು ಹೇಳಲಾರೆ. "ಆದರೂ ಕೆರೆ ಒಳ್ಳೆಯದಲ್ಲವೆ?" ಎಂದರು. ಒಳ್ಳೆಯದೇ. ಅದರ ಹೂಳನ್ನು ತೆಗೆದು, ಏರಿಯನ್ನು ಕಾಯ್ದು, ಮುಂದಿನವರಿಗೆ ಒಪ್ಪಿಸುವುದು ನಮ್ಮ ಕೆಲಸ. ಕೋಟೆಯ ವಿಚಾರದಲ್ಲಿ ಇರುವ ಕೆಲಸ ಬೇರೆ: ಅದರ ಕೆಳಗೆ ನಿಂತಾಗ ತಲೆಯೆತ್ತಿ ನೋಡಿದ ಮೇಲೆ ಒಮ್ಮೆ ತಲೆ ತಗ್ಗಿಸುವುದು.